ತೇಗದ ಎಲೆ ಹೇಳುವ ಹುಳುವಿನ ಹೆಸರು: ದಾಂಡೇಲಿಯ ದಾರಿಯಲ್ಲಿ

ಧಾರವಾಡದಿಂದ ಹಳಿಯಾಳ ಹಾದು ದಾಂಡೇಲಿಗೆ ಹೋಗುವವರು ರೋಹಿಣಿ, ಮೃಗಶಿರ ಮಳೆಯ ಹೊತ್ತಿಗೆ ಹೊರಟರೆ ಹಳಿಯಾಳ ದಾಟಿದ ಮೇಲೆ ವಿಚಿತ್ರವೊಂದನ್ನು ಕಾಣಬಹುದು. ಸುತ್ತಲಿನ ಕಾಡೆಲ್ಲ ಹಸಿರಾಗಿದ್ದರೂ ತೇಗದ ಮರಗಳು ಮಾತ್ರ ಬೇಸಿಗೆಯಲ್ಲಿದ್ದಂತೆ ಬೋಳಾಗಿರುತ್ತವೆ. ಗಾಡಿ ನಿಲ್ಲಿಸಿ ಮರದಡಿ ನಿಂತರೆ ಮಳೆ ಬಿಟ್ಟಿದ್ದರೂ ಟಪಟಪ ಸದ್ದು ಕೇಳುತ್ತದೆ. ಅದು ಹುಳುಗಳ ಹಿಕ್ಕೆ ಒಣ ಎಲೆಯ ಮೇಲೆ ಉದುರುವ ಸದ್ದು. ಕೊಂಬೆಗಳಿಂದ ರೇಷ್ಮೆಯಂಥ ಎಳೆ ಹಿಡಿದು ಇಳಿಯುವ ಹುಳುಗಳು ಮುಖಕ್ಕೂ ತಾಗುತ್ತವೆ. ಇವಕ್ಕೆ ಕಂಬಳಿಹುಳುವಿನ ರೋಮವಿಲ್ಲ, ಮೈ ತುರಿಸುವುದೂ ಇಲ್ಲ.

ಹುಳು ಹುಡುಕುವ ಮೊದಲು ಎಲೆ ನೋಡಬೇಕು. ತೇಗಕ್ಕೆ ಬೀಳುವ ಮುಖ್ಯ ಹುಳುಗಳು ಎರಡು. ಎಲೆಯ ದಪ್ಪ ನರಗಳಷ್ಟೇ ಉಳಿದು ನಡುವಿನದೆಲ್ಲ ಮಾಯವಾಗಿದ್ದರೆ ಅದು ಹಿಬ್ಲಿಯಾ ಪ್ಯೂರಾ. ಸಣ್ಣ ನರಗಳೂ ಉಳಿದು ಎಲೆ ಕಂದು ಜಾಲರಿಯಾಗಿದ್ದರೆ ಯುಟೆಕ್ಟೋನಾ ಮಕೇರಾಲಿಸ್. ಮೊದಲನೆಯದಕ್ಕೆ ಮುಂಗಾರಿನ ಚಿಗುರು ಬೇಕು, ಎರಡನೆಯದಕ್ಕೆ ಬಲಿತ ಎಲೆ ಸಾಕು. ಹಾಗಾಗಿ ಜೂನ್‌ನ ದಾಳಿ ಸಾಮಾನ್ಯವಾಗಿ ಹಿಬ್ಲಿಯಾದ್ದೇ.

ಎಲೆಯಂಚು ಕತ್ತರಿಸಿ ಮಡಚಿದಂತಿರುವ ಕಡೆ ಮಡಿಕೆಯನ್ನು ಮೆಲ್ಲನೆ ಬಿಡಿಸಿದರೆ ಹುಳು ಸಿಗುತ್ತದೆ. ತೀರ ಎಳೆಯವು ಎಲೆಯ ಮೇಲ್ಪದರವನ್ನಷ್ಟೇ ಕೆರೆಯುತ್ತವೆ, ಎರಡು ಸಲ ಪೊರೆ ಕಳಚಿ ಮೂರನೇ ಹಂತಕ್ಕೆ ಬಂದ ಮೇಲೆ ಈ ಮಡಿಕೆ ಕಟ್ಟುತ್ತವೆ. ಪೂರ್ತಿ ಬೆಳೆದದ್ದು ಸುಮಾರು 4 ಸೆಂ.ಮೀ. ಬಣ್ಣ ನಂಬಿದವರು ಎಡವುವುದು ಇಲ್ಲೇ. ಒಂದೇ ಮರದಲ್ಲಿ ಮಾಸಲು ಹಸಿರಿನವೂ ಇರುತ್ತವೆ, ಕಪ್ಪು ಮೈಗೆ ಉದ್ದುದ್ದ ಪಟ್ಟೆ ಇರುವವೂ ಇರುತ್ತವೆ. ಹುಳುಗಳು ಕಿಕ್ಕಿರಿದ ಕಡೆ ಕಪ್ಪಿನವೇ ಹೆಚ್ಚು. ಎರಡೂ ಒಂದೇ ಜಾತಿ.

ಹಿಬ್ಲಿಯಾ ಹುಳು ಬೆಳೆದು ಆಗುವ ಪತಂಗ ರೆಕ್ಕೆಯನ್ನು ಹೆಂಚಿನ ಮಾಡಿನಂತೆ ಇಳಿಬಿಟ್ಟು ಕೂರುತ್ತದೆ. ಹೊರಗೆ ಕಾಣುವ ಮುಂರೆಕ್ಕೆ ಬೂದುಗಂದು, ಅದೂ ಒಂದೊಂದರಲ್ಲಿ ಒಂದೊಂದು ಛಾಯೆ. ಗುರುತು ಇರುವುದು ಒಳಗೆ ಮುಚ್ಚಿದ ಹಿಂರೆಕ್ಕೆಯಲ್ಲಿ: ಕಪ್ಪುಗಂದಿನ ಮೇಲೆ ಕಿತ್ತಳೆ ಹಳದಿಯ ಮಚ್ಚೆಗಳು. ಹುಲ್ಲುಕಡ್ಡಿಯಿಂದ ಸವರಿದರೆ ರೆಕ್ಕೆ ಬಿಚ್ಚೀತು, ಆಗಲೇ ಫೋಟೋ ತೆಗೆಯಬೇಕು. ಇದೇ ಕುಲದ ಬೇರೆ ಪತಂಗಗಳಿಗೂ ಇಂಥ ಮಚ್ಚೆಗಳಿವೆ, ಆದ್ದರಿಂದ ಯಾವ ಗಿಡದ ಮೇಲೆ ಸಿಕ್ಕಿತೆಂಬುದನ್ನೂ ಬರೆದಿಡಿ. ಯುಟೆಕ್ಟೋನಾ ಇದಕ್ಕಿಂತ ಚಿಕ್ಕದು, ಹಳದಿ ರೆಕ್ಕೆಯ ಮೇಲೆ ಕೆಂಪು ಅಂಕುಡೊಂಕು ಗೆರೆ. ಅದನ್ನು ಗುರುತಿಸಲು ಕಷ್ಟಪಡಬೇಕಿಲ್ಲ.

ಅನುಮಾನ ಉಳಿದರೆ ಸಾಕಿ ನೋಡುವುದೊಂದೇ ದಾರಿ. ದಾಂಡೇಲಿ ಸುತ್ತಲಿನ ಕಾಳಿ ಹುಲಿ ಸಂರಕ್ಷಿತ ಪ್ರದೇಶದಿಂದ ಒಂದು ಹುಳುವನ್ನೂ ಎತ್ತುವಂತಿಲ್ಲ. ಹೊಲದ ಬದುವಿನ ತೇಗದಿಂದ, ಮಾಲೀಕರನ್ನು ಕೇಳಿ, ಎರಡು ಮೂರು ಹುಳುಗಳನ್ನು ಎಲೆಯ ಸಮೇತ ತನ್ನಿ. ಅಗಲ ಬಾಯಿಯ ಬಾಟಲಿ, ತಳಕ್ಕೆ ಕಾಗದ, ಬಾಯಿಗೆ ತೆಳು ಬಟ್ಟೆ ಸಾಕು. ಪ್ಲಾಸ್ಟಿಕ್ ಮುಚ್ಚಳ ಬಿಗಿದರೆ ಒಳಗೆ ನೀರಾಡಿ ಎಲೆ ಕೊಳೆಯುತ್ತದೆ, ಹುಳು ಸಾಯುತ್ತದೆ. ದಿನವೂ ಹೊಸ ಚಿಗುರೆಲೆ ಹಾಕಿ, ಹಿಕ್ಕೆ ತೆಗೆಯಿರಿ. ಹುಳು ಮೆತ್ತಗಾಗಿ, ತಲೆ ಕೆಳಗಾಗಿ ನೇತಾಡಿ, ಒಳಗೆಲ್ಲ ನೀರಾದರೆ ಅದು ವೈರಸ್ ರೋಗ. ಆ ಬಾಟಲಿಯನ್ನು ಮತ್ತೆ ಬಳಸಬೇಡಿ. ಆರೋಗ್ಯದ ಹುಳು ಎಲೆ ಮಡಚಿಕೊಂಡು ಕೋಶವಾಗಿ, ಸುಮಾರು ಒಂದು ವಾರಕ್ಕೆ ಪತಂಗವಾಗುತ್ತದೆ.

ಬೋಳಾದ ತೇಗ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಹೋಗುವುದು ಬೆಳವಣಿಗೆ. ನಿಲಂಬೂರಿನ ಎಳೆಯ ತೋಟಗಳಲ್ಲಿ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ನಡೆಸಿದ ಅಧ್ಯಯನದಲ್ಲಿ ಮರದ ಗಾತ್ರ ಹೆಚ್ಚಬೇಕಾದದ್ದರಲ್ಲಿ ಶೇ 44ರಷ್ಟು ಹಿಬ್ಲಿಯಾ ಹುಳುವಿನಿಂದ ನಷ್ಟವಾಗಿತ್ತು. ಯುಟೆಕ್ಟೋನಾದ ಜಾಲರಿ ಎಲೆ ನೋಡಬೇಕೆನ್ನುವವರು ಇದೇ ರಸ್ತೆಗೆ ಮಳೆಗಾಲ ಮುಗಿದ ಮೇಲೆ, ಎಲೆ ಉದುರುವ ಮುಂಚೆ ಬರಬೇಕು.