ಗೆದ್ದವರಿಗೆ ಬಾಗಿಲು ತೆಗೆಯದ ಲೀಗು

ಕೆಳಗಿನ ದರ್ಜೆ ಗೆದ್ದ ತಂಡಕ್ಕೆ ಮೇಲಿನ ದರ್ಜೆಗೆ ಬಡ್ತಿ ಕೊಡಬೇಕೇ ಎಂಬ ಇಂಗ್ಲೆಂಡಿನ ರಗ್ಬಿ ಜಗಳ ತಿಳಿಯಬೇಕಾದರೆ 10,001 ಎಂಬ ಅಂಕಿಯಿಂದಲೇ ಶುರು ಮಾಡಬೇಕು. ಅಲ್ಲಿನ ಮೊದಲ ದರ್ಜೆಯ ಲೀಗಿಗೆ 2025ರವರೆಗೆ ಪ್ರೀಮಿಯರ್‌ಶಿಪ್ ಎಂದು ಹೆಸರು. ಅದಕ್ಕೆ ಏರುವ ಕ್ಲಬ್ಬಿನ ಮೈದಾನ ಕನಿಷ್ಠ 10,001 ಜನರನ್ನು ಹಿಡಿಯಬೇಕು ಎಂಬ ನಿಯಮ ಬಹಳ ಕಾಲ ನಡೆಯಿತು. ಪಶ್ಚಿಮ ಲಂಡನ್ನಿನ ಈಲಿಂಗ್ ಟ್ರೈಲ್‌ಫೈಂಡರ್ಸ್ ತಂಡದ ಮೈದಾನ ಹಿಡಿಯುವುದು ಸುಮಾರು 5,000. ಈ ತಂಡ 2022ರಲ್ಲಿ ಎರಡನೇ ದರ್ಜೆಯ ಚಾಂಪಿಯನ್‌ಶಿಪ್ ಗೆದ್ದಿತು, ಬಡ್ತಿ ಸಿಗಲಿಲ್ಲ. 2024ರಲ್ಲಿ ಮತ್ತೆ ಗೆದ್ದಿತು, ಆಗಲೂ ಸಿಗಲಿಲ್ಲ. ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದ ಹಾಗೆ.

ಬಳ್ಳಾರಿಯಲ್ಲಿ ಕೂತು ಇದನ್ನೇಕೆ ಬರೆಯಬೇಕು ಎಂದರೆ, ಇದೇ ತಕರಾರು ನಮ್ಮ ಕಡೆಗೂ ಬಂದಾಗಿದೆ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯೂ ಸಮೂಹದ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ 2014 ಮತ್ತು 2016ರಲ್ಲಿ ಐ-ಲೀಗ್ ಎಂಬ ರಾಷ್ಟ್ರೀಯ ಲೀಗು ಗೆದ್ದಿತ್ತು. ಆದರೂ 2017ರಲ್ಲಿ ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಹೋದದ್ದು ಆ ಗೆಲುವಿನ ಬಲದ ಮೇಲಲ್ಲ, ಬಿಡ್ ಹಾಕಿ, ಫ್ರಾಂಚೈಸಿ ಶುಲ್ಕ ಕಟ್ಟಿ. ಐ-ಲೀಗ್ ಗೆದ್ದ ಕಾರಣಕ್ಕೇ ಮೇಲೆ ಹೋದ ಮೊದಲ ತಂಡ ಪಂಜಾಬ್ ಎಫ್‌ಸಿ, ಅದೂ 2023ರಲ್ಲಿ. 2025ರಲ್ಲಂತೂ ಐ-ಲೀಗ್ ಚಾಂಪಿಯನ್ ಯಾರು ಎಂಬುದೇ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಯಲ್ಲಿ ತೀರ್ಮಾನವಾಯಿತು. ಚರ್ಚಿಲ್ ಬ್ರದರ್ಸ್‌ಗೆ ಕೊಟ್ಟಿದ್ದ ಪಟ್ಟ ಇಂಟರ್ ಕಾಶಿಗೆ ಹೋಯಿತು. ಅದೇ ವರ್ಷ ಮುಂಬೈಯಲ್ಲಿ ನಡೆದ ಭಾರತದ ಮೊದಲ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಸೇರಿ ಆರು ಫ್ರಾಂಚೈಸಿ ತಂಡಗಳಿದ್ದವು. ಅಲ್ಲಿ ಏರುವ ಇಳಿಯುವ ಮಾತೇ ಇಲ್ಲ.

ಮೇಲೆ ಬರುವವರಿಗೆ ಷರತ್ತು ಹಾಕುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ರಗ್ಬಿಯಲ್ಲಿ ಷರತ್ತು ಬೇಕೇ ಬೇಕು, ಅದಕ್ಕೆ ಮೊದಲ ಕಾರಣ ಆಟಗಾರರ ಕತ್ತು. ಸ್ಕ್ರಮ್ ಎಂದರೆ ಎಂಟು ಜನ ಎಂಟು ಜನರ ಎದುರು ಬಗ್ಗಿ, ಹೆಗಲಿಗೆ ಹೆಗಲು ಕೊಟ್ಟು ನೂಕುವುದು. ಮುಂದಿನ ಸಾಲಿನ ಮೂವರ, ಅಂದರೆ ಇಬ್ಬರು ಪ್ರಾಪ್ ಮತ್ತು ಒಬ್ಬ ಹುಕರ್‌ನ ಕತ್ತು ಬೆನ್ನಿನ ಮೇಲೆ ಆ ಭಾರವೆಲ್ಲ ಬೀಳುತ್ತದೆ. ಹಾಗಾಗಿಯೇ 23 ಜನರ ತಂಡದಲ್ಲಿ ಮುಂದಿನ ಸಾಲಿಗೆ ತರಬೇತಾದ ಕನಿಷ್ಠ ಆರು ಜನ ಇರಬೇಕೆಂದು ಆಟದ ನಿಯಮವೇ ಹೇಳುತ್ತದೆ. ಕೆಳಗಿನ ದರ್ಜೆಯ ಕ್ಲಬ್ಬಿನಲ್ಲಿ ಇಂಥ ಆರು ಜನ ಸಿಕ್ಕರೂ ಮೇಲಿನವರ ತೂಕಕ್ಕೆ, ಪಳಗಿದ ನೂಕಿಗೆ ಅವರು ಸಾಲುವುದಿಲ್ಲ. ದರ್ಜೆಗಳ ನಡುವಿನ ಅಂತರವೂ ಸಣ್ಣದಲ್ಲ. 2021ರ ಬಡ್ತಿ ಪ್ಲೇಆಫ್‌ನಲ್ಲಿ ಸರಸನ್ಸ್ ಇದೇ ಈಲಿಂಗ್ ತಂಡವನ್ನು ಮೊದಲ ಪಂದ್ಯದಲ್ಲಿ 60-0, ಎರಡನೆಯದರಲ್ಲಿ 57-15ರಿಂದ ಸೋಲಿಸಿತು. ವೇತನ ಮಿತಿ ಮೀರಿದ ತಪ್ಪಿಗೆ ಸರಸನ್ಸ್ ಆಗ ಒಂದು ವರ್ಷದ ಮಟ್ಟಿಗೆ ಕೆಳಗಿಳಿದಿತ್ತು, ಅಷ್ಟೇ.

ಷರತ್ತು ಯಾರು ಬರೆಯುತ್ತಾರೆ, ಯಾವಾಗ ಹಚ್ಚುತ್ತಾರೆ, ಒಳಗಿರುವವರಿಗೂ ಅದೇ ಅಳತೆಯೇ ಎಂಬಲ್ಲಿ ಜಗಳ ಹುಟ್ಟುತ್ತದೆ. ಇದಕ್ಕೆ ಲಂಡನ್ ವೆಲ್ಷ್ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. 2012ರಲ್ಲಿ ಚಾಂಪಿಯನ್‌ಶಿಪ್ ಗೆದ್ದ ಈ ಕ್ಲಬ್ಬು ಆಕ್ಸ್‌ಫರ್ಡಿನ ಫುಟ್‌ಬಾಲ್ ಸ್ಟೇಡಿಯಂ ಒಂದನ್ನು ಬಾಡಿಗೆಗೆ ಹಿಡಿದಿತ್ತು. ಮೈದಾನದ ದಿನಾಂಕ ಆರಿಸುವ ಮೊದಲ ಹಕ್ಕು ನಿಮ್ಮದಲ್ಲ, ಫುಟ್‌ಬಾಲ್‌ನವರದು ಎಂದು ಇಂಗ್ಲೆಂಡಿನ ರಗ್ಬಿ ಒಕ್ಕೂಟ ಬಡ್ತಿ ನಿರಾಕರಿಸಿತು. ಮೇಲ್ನೋಟಕ್ಕೆ ನ್ಯಾಯವೇ. ಶನಿವಾರ ಫುಟ್‌ಬಾಲ್ ಇದ್ದರೆ ರಗ್ಬಿ ಪಂದ್ಯ ಮುಂದೆ ಹೋಗುತ್ತದೆ, ಟಿವಿಯವರ ವೇಳಾಪಟ್ಟಿ ಕೆಡುತ್ತದೆ. ಆದರೆ ಮೇಲಿನ ಲೀಗಿನಲ್ಲಾಗಲೇ ಇದ್ದ ಮೂರು ಕ್ಲಬ್ಬುಗಳು ಕೂಡ ಫುಟ್‌ಬಾಲ್ ಮೈದಾನಗಳಲ್ಲಿ ಬಾಡಿಗೆಗೇ ಆಡುತ್ತಿದ್ದವು. ಅವಕ್ಕೆ ವಿನಾಯಿತಿ ಇತ್ತು. ಮೇಲ್ಮನವಿ ಸಮಿತಿ ಈ ನಿಯಮ ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು ಹೇಳಿ ಜೂನ್ ಕೊನೆಯಲ್ಲಿ ಬಡ್ತಿ ಕೊಡಿಸಿತು.

ಜೂನ್ ಕೊನೆ ಎಂಬುದನ್ನು ಗಮನಿಸಿ. ಒಳ್ಳೆಯ ಆಟಗಾರರು ಮುಂದಿನ ಹಂಗಾಮಿನ ಒಪ್ಪಂದಕ್ಕೆ ಚಳಿಗಾಲದಲ್ಲೇ ಸಹಿ ಹಾಕಿರುತ್ತಾರೆ. ಬೇಸಿಗೆಯಲ್ಲಿ ಬಡ್ತಿ ಸಿಕ್ಕ ಕ್ಲಬ್ಬಿಗೆ ಉಳಿದವರಷ್ಟೇ ಗತಿ, ಸಂತೆ ಮುಗಿದ ಮೇಲೆ ತರಕಾರಿಗೆ ಹೋದ ಹಾಗೆ. ಇದೇ ಕ್ಲಬ್ಬು ಇನ್ನೊಮ್ಮೆ ಬಡ್ತಿ ಪಡೆದು 2014-15ರಲ್ಲಿ ಆಡಿದಾಗ 22 ಪಂದ್ಯಗಳಲ್ಲಿ 22ನ್ನೂ ಸೋತಿತು, ಪಟ್ಟಿಯಲ್ಲಿ ಸಿಕ್ಕಿದ್ದು ಒಂದೇ ಅಂಕ. ಗೆದ್ದರೆ 4, ಡ್ರಾ ಆದರೆ 2, ನಾಲ್ಕು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಹೊಡೆದರೆ ಒಂದು ಬೋನಸ್, 7 ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೂ ಒಂದು ಬೋನಸ್ ಕೊಡುವ ಲೀಗಿನಲ್ಲಿ ಒಂದೇ ಅಂಕ. 2017ರ ಜನವರಿಗೆ ಕ್ಲಬ್ಬಿನ ಕಂಪನಿ ಮುಚ್ಚಿಹೋಯಿತು.

ಹಣ ಹಂಚುವ ರೀತಿ ಇದಕ್ಕಿಂತ ಕೆಟ್ಟದ್ದು. ಪ್ರೀಮಿಯರ್‌ಶಿಪ್ಪಿನಲ್ಲಿ ಹಳೆಯ ಕ್ಲಬ್ಬುಗಳ ಕೈಯಲ್ಲಿ ‘ಪಿ-ಷೇರು’ಗಳಿವೆ. ಟಿವಿ ಮತ್ತು ಪ್ರಾಯೋಜಕರ ಕೇಂದ್ರ ಹಣ ಆ ಷೇರಿನ ಲೆಕ್ಕದಲ್ಲಿ ಹೋಗುತ್ತಿತ್ತು. ಷೇರಿಲ್ಲದೆ ಹೊಸದಾಗಿ ಬಂದವರಿಗೆ ಸಿಗುವುದು ತೀರ ಕಡಿಮೆ. ಅದೇ ಪಂದ್ಯ, ಅದೇ ಟಿವಿ, ಅದೇ ವೇತನ ಮಿತಿ, ಪಾಲು ಮಾತ್ರ ಬೇರೆ. 2018ರಲ್ಲಿ ಸಿವಿಸಿ ಎಂಬ ಹೂಡಿಕೆ ಸಂಸ್ಥೆ ಲೀಗಿನ 27% ಪಾಲನ್ನು ಕೊಂಡಿತು. ಹಾಕಿದ ಹಣಕ್ಕೆ ಭದ್ರತೆ ಕೇಳುವವರು ಬಂದಾಗ ಕೆಳಗಿಳಿಯುವ ಬಾಗಿಲು ಮುಚ್ಚಿ ಎನ್ನುವ ಒತ್ತಡವೂ ಜೊತೆಗೇ ಬರುತ್ತದೆ. ಅತ್ತ 2020ರಲ್ಲಿ ಒಕ್ಕೂಟ ಎರಡನೇ ದರ್ಜೆಗೆ ಕೊಡುವ ಅನುದಾನವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. ಹಾಲು ನಿಲ್ಲಿಸಿದ ಮೇಲೆ ಕರು ಯಾಕೆ ಬೆಳೆಯಲಿಲ್ಲ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಬಾಗಿಲು ಮುಚ್ಚಿದರೆ ಕ್ಲಬ್ಬುಗಳು ಉಳಿಯುತ್ತವೆ ಎಂಬ ವಾದವನ್ನು ಅಂಕಿಗಳೇ ಸುಳ್ಳು ಮಾಡಿವೆ. 2021ರಿಂದ ಯಾರನ್ನೂ ಕೆಳಗಿಳಿಸದೆ ಲೀಗು ನಡೆಯಿತು. ಆ ಅವಧಿಯಲ್ಲೇ 2022ರಲ್ಲಿ ವೂಸ್ಟರ್ ಮತ್ತು ವಾಸ್ಪ್ಸ್, 2023ರ ಜೂನ್‌ನಲ್ಲಿ ಲಂಡನ್ ಐರಿಷ್ ಕುಸಿದವು. 13 ತಂಡಗಳ ಲೀಗು 10ಕ್ಕೆ ಬಂತು. ವಾಸ್ಪ್ಸ್ ತಲೆಯ ಮೇಲೆ 3.5 ಕೋಟಿ ಪೌಂಡ್‌ಗಳ ಬಾಂಡ್ ಸಾಲವಿತ್ತು, ಅದು ತೀರಬೇಕಿದ್ದದ್ದು 2022ರ ಮೇ ತಿಂಗಳಲ್ಲಿ. ಆ ಹೊರೆಯನ್ನು ಕೆಳಗಿಳಿಯುವ ಭಯ ಹೊರಿಸಿದ್ದಲ್ಲ. ಇನ್ನೊಂದು ಕಡೆ ಎಕ್ಸಿಟರ್ ಇದೆ: 2010ರಲ್ಲಿ ಬಡ್ತಿ, 2017ರಲ್ಲಿ ಪ್ರೀಮಿಯರ್‌ಶಿಪ್, 2020ರಲ್ಲಿ ಪ್ರೀಮಿಯರ್‌ಶಿಪ್ ಜೊತೆಗೆ ಯುರೋಪಿನ ಕಪ್. 2010ರಲ್ಲಿ ಬಾಗಿಲು ಮುಚ್ಚಿದ್ದರೆ ಈ ತಂಡ ಮೇಲೆ ಬರುತ್ತಲೇ ಇರಲಿಲ್ಲ.

10,001ರ ನಿಯಮವನ್ನು ಆಮೇಲೆ ಸಡಿಲಿಸಿದ್ದಾರೆ. 5,000ದಿಂದ ಶುರು ಮಾಡಿ, ವರ್ಷ ವರ್ಷ ಹೆಚ್ಚಿಸಿಕೊಂಡು ಹೋಗಬಹುದು ಎಂದರು. ಈ ಬುದ್ಧಿ ಹತ್ತು ವರ್ಷ ಮೊದಲೇ ಬರಬೇಕಿತ್ತು.

ಫ್ರಾನ್ಸಿನವರ ಏರ್ಪಾಡು ನನಗೆ ಹೆಚ್ಚು ಹಿಡಿಸುತ್ತದೆ. ಮೇಲೆ ಟಾಪ್ 14, ಕೆಳಗೆ 16 ತಂಡಗಳ ಪ್ರೊ ಡಿ2. ಟಾಪ್ 14ರ ಕೊನೆಯ ತಂಡ ನೇರ ಇಳಿಯುತ್ತದೆ, ಪ್ರೊ ಡಿ2 ಫೈನಲ್ ಗೆದ್ದವರು ನೇರ ಏರುತ್ತಾರೆ. ಹದಿಮೂರನೆಯವರು ಆ ಫೈನಲ್‌ನಲ್ಲಿ ಸೋತವರ ಜೊತೆ ಒಂದೇ ಒಂದು ಪಂದ್ಯ ಆಡಿ ಜಾಗ ಉಳಿಸಿಕೊಳ್ಳಬೇಕು. 2021ರಲ್ಲಿ ಬಿಯಾರಿಟ್ಸ್ ಮತ್ತು ಬಯೋನ್ ಎಂಬ ನೆರೆಯೂರುಗಳ ನಡುವೆ ಈ ಪಂದ್ಯ 6-6ಕ್ಕೆ ನಿಂತು, ಕೊನೆಗೆ ಒಬ್ಬೊಬ್ಬರಾಗಿ ಗೋಲಿಗೆ ಒದೆಯುವ ಸ್ಪರ್ಧೆಯಲ್ಲಿ ಬಿಯಾರಿಟ್ಸ್ ಮೇಲೇರಿತು. ಹಣದ ಲೆಕ್ಕ ನೋಡುವುದು ಒಂದು ಪ್ರತ್ಯೇಕ ಮಂಡಳಿ. ಎರಡೂ ದರ್ಜೆಯ ಕ್ಲಬ್ಬುಗಳ ಲೆಕ್ಕಪತ್ರ ತರಿಸಿ, ಸಂಬಳದ ಮೊತ್ತಕ್ಕೆ ಮಿತಿ ಹಾಕಬಹುದು, ಮೈದಾನದಲ್ಲಿ ಉಳಿದುಕೊಂಡವರನ್ನೂ ಕೆಳಗಿಳಿಸಬಹುದು. ಮೊಂಟೊಬಾನ್ ತಂಡವನ್ನು 2010ರಲ್ಲಿ ದಿವಾಳಿಯ ಕಾರಣಕ್ಕೆ ಹೀಗೆ ಇಳಿಸಿದರು. ಅದೇ ಮೊಂಟೊಬಾನ್ 2025ರಲ್ಲಿ ಪ್ರೊ ಡಿ2 ಗೆದ್ದು ಟಾಪ್ 14ಕ್ಕೆ ಮರಳಿತು. ಶಿಕ್ಷೆಯೂ ಕಟ್ಟುನಿಟ್ಟು, ವಾಪಸ್ ಬರುವ ದಾರಿಯೂ ತೆರೆದೇ ಇತ್ತು.

ಹದಿಮೂರು ಜನರ ರಗ್ಬಿ ಲೀಗ್ ಎಂಬ ಬೇರೆ ಬಗೆಯ ಆಟದ ಸೂಪರ್ ಲೀಗ್ ಇನ್ನೊಂದು ದಾರಿ ಹಿಡಿದಿದೆ: ಕ್ಲಬ್ಬಿಗೆ 20ಕ್ಕೆ ಅಂಕ. ಅಭಿಮಾನಿ ಬಳಗಕ್ಕೆ 5, ಆಟಕ್ಕೆ 5, ಹಣಕಾಸಿಗೆ 4.5, ಸ್ಟೇಡಿಯಂಗೆ 3, ಊರಿನ ನಂಟಿಗೆ 2.5. 15 ದಾಟಿದರೆ ‘ಎ’ ದರ್ಜೆ. ಅಂದರೆ ನೂರಕ್ಕೆ ಇಪ್ಪತ್ತೈದು ಪಾಲು ಮಾತ್ರ ಆಟ. ಲಂಡನ್ ಬ್ರಾಂಕೋಸ್ 2023ರಲ್ಲಿ ಕೆಳಗಿನ ದರ್ಜೆಯ ಫೈನಲ್ ಗೆದ್ದು ಬಡ್ತಿ ಪಡೆದ ಕೆಲವೇ ದಿನಗಳಲ್ಲಿ ಅಂಕಪಟ್ಟಿ ಬಂತು: 8.07, 24ನೇ ಸ್ಥಾನ. 2024ರ ಹಂಗಾಮು ಶುರುವಾಗುವ ಮೊದಲೇ ತಾವು ಇಳಿಯುವುದು ಹೆಚ್ಚುಕಡಿಮೆ ಖಚಿತ ಎಂದು ಆಟಗಾರರಿಗೆ ಗೊತ್ತಿತ್ತು. ಅಂಥ ತಂಡಕ್ಕೆ ಯಾವ ಪ್ರಾಯೋಜಕ ಎರಡು ವರ್ಷದ ಒಪ್ಪಂದ ಕೊಡುತ್ತಾನೆ? ಅಂಕ ಕೊಡುವ ಕ್ರಮದಲ್ಲಿ ಒಂದು ಒಳ್ಳೆಯದಿದೆ, ಅಳತೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಆದರೆ ಗೆದ್ದ ತಂಡ ಕನಿಷ್ಠ ಎರಡು ವರ್ಷ ಮೇಲೆ ಉಳಿದು ಆ ಅಂಕ ಬೆಳೆಸಿಕೊಳ್ಳಲು ಬಿಡಬೇಕಿತ್ತು.

ತಂಡಗಳ ಸಂಖ್ಯೆ ಬದಲಾಯಿಸುವವರು ವಾರದ ಲೆಕ್ಕವನ್ನು ಮರೆಯುತ್ತಾರೆ. ಪ್ರತಿ ತಂಡ ಇನ್ನೊಂದರ ಜೊತೆ ತವರಿನಲ್ಲೊಮ್ಮೆ ಹೊರಗೊಮ್ಮೆ ಆಡುವುದಾದರೆ 10 ತಂಡಕ್ಕೆ 90 ಪಂದ್ಯ, 18 ವಾರ. 12ಕ್ಕೆ 132 ಪಂದ್ಯ, 22 ವಾರ. 14ಕ್ಕೆ 182 ಪಂದ್ಯ, 26 ವಾರ. 13 ತಂಡವಾದರೆ 156 ಪಂದ್ಯ, ವಾರ ಮಾತ್ರ ಆಗಲೂ 26, ಯಾಕೆಂದರೆ ಪ್ರತಿ ವಾರ ಒಂದು ತಂಡ ಖಾಲಿ ಕೂರಬೇಕು. ಬೆಸ ಸಂಖ್ಯೆ ಇಟ್ಟುಕೊಂಡರೆ ಪಂದ್ಯ ಕಡಿಮೆ, ದಿನ ಮಾತ್ರ ಅಷ್ಟೇ. 2021ರಲ್ಲಿ ಯಾರನ್ನೂ ಇಳಿಸದೆ ಸರಸನ್ಸ್ ತಂಡವನ್ನು ಸೇರಿಸಿಕೊಂಡು ಪ್ರೀಮಿಯರ್‌ಶಿಪ್ 13 ತಂಡ ಮಾಡಿಕೊಂಡು ಮೈಮೇಲೆ ಎಳೆದುಕೊಂಡದ್ದು ಈ ತಾಪತ್ರಯವನ್ನೇ.

ಈಗ ನಮ್ಮ ಕಡೆಗೆ ಬರೋಣ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆ ಸೇರಿಸಿ ಎ, ಬಿ ಎಂದು ಎರಡು ಡಿವಿಜನ್ ಮಾಡುವವರು ಆಟ ಯಾವುದೇ ಇರಲಿ, ಪ್ರತಿ ಡಿವಿಜನ್ನಿಗೆ ಎಂಟು ತಂಡ ಇಟ್ಟುಕೊಳ್ಳಿ. ಎರಡು ಸುತ್ತಿಗೆ 56 ಪಂದ್ಯ, 14 ವಾರ. ನವೆಂಬರ್ ಮೊದಲ ವಾರ ಶುರುವಾದರೆ ಫೆಬ್ರವರಿ ಮೊದಲ ವಾರಕ್ಕೆ ಮುಗಿಯುತ್ತದೆ, ಬಿಸಿಲು ಏರುವ ಮೊದಲೇ. ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ತಂಡಗಳಿಗೆ ಭತ್ತದ ಕೊಯ್ಲಿನ ವಾರಗಳಲ್ಲಿ ಆಟಗಾರರು ಸಿಗುವುದಿಲ್ಲ. ಆ ತಂಡಗಳ ಪಂದ್ಯ ಮುಂದೂಡುವ ಎರಡು ವಾರವನ್ನು ಮೊದಲೇ ಪಟ್ಟಿಯಲ್ಲಿ ಖಾಲಿ ಬಿಡಬೇಕು, ಕೊನೆಯ ಪಂದ್ಯ ಫೆಬ್ರವರಿ ಮೂರನೇ ವಾರಕ್ಕೆ ಹೋದರೂ ಸರಿ, ಆಮೇಲೆ ವಾಕ್‌ಓವರ್ ಕೊಟ್ಟು ಅಂಕದ ಜಗಳ ಮಾಡುವುದಲ್ಲ.

ಬಡ್ತಿಯ ಷರತ್ತು ಆಗಸ್ಟ್ 31ರೊಳಗೆ ಕಾಗದದಲ್ಲಿ ಬರಲಿ. ತಪಾಸಣೆ ಅಕ್ಟೋಬರಿಗೆ ಮುಗಿಯಲಿ. ಈ ವರ್ಷ ಬಿ ಡಿವಿಜನ್ನಿನ ಇಂಥಿಂಥ ಕ್ಲಬ್ಬುಗಳು ಬಡ್ತಿಗೆ ಅರ್ಹ ಎಂಬ ಪಟ್ಟಿ ಮೊದಲ ಪಂದ್ಯಕ್ಕೂ ಮುಂಚೆ ಎಲ್ಲ ಕ್ಲಬ್ಬಿಗೂ ತಲುಪಲಿ. ಗೆದ್ದವರು ಅರ್ಹರಲ್ಲದಿದ್ದರೆ ಎರಡನೆಯವರಿಗೆ ಅವಕಾಶವೋ, ಯಾರೂ ಏರುವುದಿಲ್ಲವೋ ಎಂಬುದನ್ನೂ ಅದರಲ್ಲೇ ಬರೆಯಿರಿ. ಇದೊಂದು ಸಾಲು ಇಲ್ಲದಿದ್ದರೆ ಫೆಬ್ರವರಿಯಲ್ಲಿ ವಕೀಲರ ಮನೆ ಹತ್ತಬೇಕಾಗುತ್ತದೆ. ಅದೇ ಷರತ್ತು ಎ ಡಿವಿಜನ್ನಿನ ಎಂಟೂ ತಂಡಗಳಿಗೆ ಅನ್ವಯಿಸಲಿ. ತಕರಾರು ಕೇಳುವ ಮೂವರಲ್ಲಿ ಒಬ್ಬರೂ ಎ ಡಿವಿಜನ್ ಕ್ಲಬ್ಬಿನವರಾಗಿರಬಾರದು. ಹಣದ ಪಾಲು ಮೊದಲ ವರ್ಷದಿಂದಲೇ ಸಮ. 23 ಆಟಗಾರರು, ಕೋಚು, ಫಿಜಿಯೊ ಎಂದರೆ ಕನಿಷ್ಠ ಎರಡು ಕ್ರೂಸರ್ ಬೇಕು. ಬಳ್ಳಾರಿಯಿಂದ ರಾಯಚೂರಿಗೆ ಹೋಗಿ ಬರುವ ಬಾಡಿಗೆ ಹೊಸ ತಂಡಕ್ಕೆಂದು ಕಡಿಮೆಯಾಗುವುದಿಲ್ಲ.

ಮೈದಾನದ ಷರತ್ತಿನಲ್ಲಿ ಸೀಟಿನ ಲೆಕ್ಕ ಬಿಡಿ, ನೆಲ ನೋಡಿ. ನಮ್ಮ ಎರೆ ನೆಲ ಮಳೆ ನಿಂತು ಒಣಗಿದಂತೆ ಬಿರಿಯುತ್ತದೆ. ರಗ್ಬಿ ಬೂಟಿನ ಸ್ಟಡ್ 21 ಮಿಲಿಮೀಟರ್‌ವರೆಗೆ ಇರಬಹುದು. ಓಡುವಾಗ ಅದು ಬಿರುಕಿಗೆ ಸಿಕ್ಕಿದರೆ ಪಾದ ಅಲ್ಲೇ ನಿಲ್ಲುತ್ತದೆ, ಮೈ ತಿರುಗುತ್ತದೆ, ಮಂಡಿ ಹೋಗುತ್ತದೆ. ಬಿರುಕಿಗೆ ಬರೀ ಮರಳು ಸುರಿದರೆ ನಾಲ್ಕು ಟ್ಯಾಕಲ್‌ಗೆ ಎದ್ದು ಬರುತ್ತದೆ. ಅದೇ ಮೈದಾನದ ಮಣ್ಣನ್ನು ಜರಡಿ ಹಿಡಿದು, ಸ್ವಲ್ಪ ಮರಳು ಬೆರೆಸಿ ತುಂಬಿ, ಪಂದ್ಯಕ್ಕೆ ಮೂರು ದಿನ ಮೊದಲಿನಿಂದ ಸಂಜೆ ಹೊತ್ತು ನಿಧಾನವಾಗಿ ನೀರು ಬಿಡಬೇಕು. ಹಿಂದಿನ ದಿನ ನೀರು ನಿಲ್ಲಿಸಬೇಕು, ಇಲ್ಲದಿದ್ದರೆ ಎರೆ ಬೂಟಿಗೆ ಮೆತ್ತಿ ಕಾಲು ಎತ್ತಲಾಗುವುದಿಲ್ಲ. ಮಸಾರಿ ನೆಲದಲ್ಲಿ ಬಿರುಕಿನ ಕಾಟ ಕಡಿಮೆ, ಅಲ್ಲಿ ಹರಳು ಆರಿಸುವುದೇ ದೊಡ್ಡ ಕೆಲಸ. ತಪಾಸಣೆಗೆ ಹೋದವರು 100 ಮೀಟರ್ ಉದ್ದವನ್ನೂ ನಡೆದು ನೋಡಲಿ. ಎಲ್ಲಾದರೂ ಬಿರುಕಿನೊಳಗೆ ಹೆಬ್ಬೆರಳು ಇಳಿದರೆ ಆ ಮೈದಾನಕ್ಕೆ ಸರಿಪಡಿಸಲು ಹದಿನೈದು ದಿನ ಕೊಟ್ಟು ಮತ್ತೆ ಬಂದು ನೋಡಲಿ. ಎ ಡಿವಿಜನ್ನಿನ ಮೈದಾನವಾದರೂ ಸರಿ, ಬಿ ಡಿವಿಜನ್ನಿನದಾದರೂ ಸರಿ.