ಒಂದೇ ಗುಣ, ಎರಡು ಹೆಸರು

ಬಡ್ತಿ ಸಮಿತಿಯಲ್ಲಿ ನಾವು ಐದು ಮಂದಿ, ಹೆಂಗಸು ನಾನೊಬ್ಬಳೇ. ಹೆಣ್ಣೊಬ್ಬಳಿದ್ದರೆ ಅನ್ಯಾಯವಾಗದು ಎಂಬ ನಂಬಿಕೆಯಿಂದಲೇ ನನ್ನನ್ನು ಸೇರಿಸಿದ್ದರು. ನಾನೂ ಅದನ್ನೇ ನಂಬಿದ್ದೆ.

ಇದ್ದದ್ದು ಒಂದು ಹುದ್ದೆ, ಕೊನೆಗೆ ಉಳಿದವರು ಇಬ್ಬರು, ಒಬ್ಬ ಗಂಡಸು, ಒಬ್ಬ ಹೆಂಗಸು. ಅನುಭವ ಹೆಚ್ಚುಕಡಿಮೆ ಒಂದೇ. ವರ್ಷದ ಮೌಲ್ಯಮಾಪನದಲ್ಲಿ ಅವಳು ಕೂದಲೆಳೆಯಷ್ಟು ಮುಂದಿದ್ದಳು. "ಕೆಲಸದ ಬಗ್ಗೆ ಎರಡು ಮಾತಿಲ್ಲ. ಆದರೆ ಮಗು ಇನ್ನೂ ಚಿಕ್ಕದು. ಈ ಹುದ್ದೆಗೆ ಹೊತ್ತುಗೊತ್ತು ಇರುವುದಿಲ್ಲ. ಪಾಪ, ಅವರಿಗೇ ಕಷ್ಟ" ಎಂದರು ಹಿರಿಯರೊಬ್ಬರು. ಆ 'ಪಾಪ'ದಲ್ಲಿ ನಿಜವಾದ ಕಾಳಜಿಯೇ ಇತ್ತು. ಅದಕ್ಕೇ ಇರಬೇಕು, ಯಾರೂ ಎದುರಾಡಲಿಲ್ಲ. ನಾನೂ ತಲೆಯಾಡಿಸಿದೆ.

ಅದೇ ಬೆಳಿಗ್ಗೆ ಇನ್ನೊಬ್ಬ ಅಭ್ಯರ್ಥಿ ತಮ್ಮ ಮಗ ಮೊದಲ ಹೆಜ್ಜೆಯಿಟ್ಟ ವಿಡಿಯೊವನ್ನು ಮೊಬೈಲ್‌ನಲ್ಲಿ ತೋರಿಸಿದ್ದರು. ನಾವೆಲ್ಲ ಸುತ್ತ ನೆರೆದು ನೋಡಿ ಸಂತೋಷಪಟ್ಟಿದ್ದೆವು. ಆ ಮಗುವೂ ಚಿಕ್ಕದೇ. ಸಮಿತಿಯ ಕೋಣೆಯಲ್ಲಿ ಅದು ಯಾರಿಗೂ ನೆನಪಾಗಲಿಲ್ಲ. ಹುದ್ದೆ ಅವರಿಗೆ ಹೋಯಿತು.

ಸಂಜೆ ಕಡತ ಮುಚ್ಚುವ ಮೊದಲು ನನ್ನ ಟಿಪ್ಪಣಿಗಳ ಮೇಲೆ ಕಣ್ಣಾಡಿಸಿದೆ. ಅವರ ಹೆಸರಿನ ಕೆಳಗೆ 'ದೃಢ ನಿಲುವು' ಎಂದಿತ್ತು. ಅವಳ ಹೆಸರಿನ ಕೆಳಗೆ 'ಸ್ವಲ್ಪ ಹಠಮಾರಿ'. ಎರಡೂ ನನ್ನದೇ ಅಕ್ಷರ, ಒಂದೇ ಪೆನ್ನು. ಆ ಹಾಳೆಯನ್ನು ಎಷ್ಟು ಹೊತ್ತು ಹಿಡಿದು ಕುಳಿತಿದ್ದೆನೋ ತಿಳಿಯದು.

2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಆಗ ನೆನಪಾಯಿತು. ವಿಶ್ವವಿದ್ಯಾಲಯಗಳ 127 ವಿಜ್ಞಾನ ಅಧ್ಯಾಪಕರಿಗೆ ಪ್ರಯೋಗಾಲಯದ ಹುದ್ದೆಯೊಂದಕ್ಕೆ ಬಂದ ಅರ್ಜಿಯೆಂದು ಒಂದೇ ಅರ್ಜಿಯನ್ನು ಕೊಟ್ಟಿದ್ದರು. ಕೆಲವರಿಗೆ ಗಂಡಿನ ಹೆಸರಿನಲ್ಲಿ, ಉಳಿದವರಿಗೆ ಹೆಣ್ಣಿನ ಹೆಸರಿನಲ್ಲಿ. ಗಂಡು ಹೆಸರಿಗೇ ಹೆಚ್ಚು ಸಾಮರ್ಥ್ಯ ಕಂಡಿತು, ಹೆಚ್ಚು ಸಂಬಳವೂ ಸಿಕ್ಕಿತು. ಹಾಗೆ ತೂಗುವುದರಲ್ಲಿ ಅಧ್ಯಾಪಕಿಯರೂ ಹಿಂದೆ ಬಿದ್ದಿರಲಿಲ್ಲ. ಮೊದಲ ಸಲ ಅದನ್ನು ಓದಿದಾಗ ಆ ಹೆಂಗಸರ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತ್ತು!

ರಾತ್ರಿಯೇ ಸಮಿತಿಗೆ ಪತ್ರ ಬರೆದೆ. ನನ್ನ ಟಿಪ್ಪಣಿ ನ್ಯಾಯವಾಗಿರಲಿಲ್ಲ, ಮಗುವಿನ ಮಾತನ್ನು ಕಡತದಿಂದ ಕೈಬಿಟ್ಟು ಇಬ್ಬರ ಕೆಲಸವನ್ನೂ ಮತ್ತೊಮ್ಮೆ ನೋಡೋಣ ಎಂದು. "ಮುಗಿದ ವಿಷಯ" ಎಂಬ ಉತ್ತರ ಬೆಳಿಗ್ಗೆಯೇ ಬಂತು.

ಮಧ್ಯಾಹ್ನ ಅವಳು ಬಂದು ನಿಂತಳು. "ಮೇಡಂ, ಎಲ್ಲಿ ಕಡಿಮೆಯಾಯಿತೆಂದು ತಿಳಿದರೆ ತಿದ್ದಿಕೊಳ್ಳುತ್ತೇನೆ." ತಿದ್ದಿಕೊಳ್ಳಬೇಕಾದದ್ದು ಅವಳಲ್ಲಿ ಏನೂ ಇರಲಿಲ್ಲ. ಮಾತು ಹೊರಡದೆ ಆ ಹಾಳೆಯನ್ನೇ ಅವಳ ಮುಂದಿಟ್ಟೆ. ಅವಳ ಬೆರಳು 'ಹಠಮಾರಿ'ಯ ಮೇಲೆ ನಿಂತಿತು.

"ಇದು ಯಾವಾಗಿನದು ಮೇಡಂ? ತಪ್ಪು ಲೆಕ್ಕವಿರುವ ವರದಿಗೆ ನಾನು ಸಹಿ ಹಾಕುವುದಿಲ್ಲ ಎಂದಿದ್ದೆನಲ್ಲ, ಆವತ್ತಿನದೇ?"

"ಹೌದು" ಎಂದೆ.

"ಆವತ್ತು ನೀವು ನನಗೆ ಧನ್ಯವಾದ ಹೇಳಿದ್ದಿರಿ" ಎಂದಳು.