ಬಂಡೆಯ ಒಳಗೆ ನಡೆದ ಯುದ್ಧ

ಮ್ಯೂನಿಕ್‌ನಲ್ಲಿ ಕೆಲಸಕ್ಕಿರುವ ನಮ್ಮಂಥವರಿಗೆ ಇಟಲಿಯ ಡೊಲೊಮೈಟ್ ಬೆಟ್ಟಗಳು ವಾರಾಂತ್ಯಕ್ಕೆ ಹೋಗಿಬರುವಷ್ಟು ದೂರ. ಹೋದವರೆಲ್ಲ ಸಂಜೆಯ ಬಿಸಿಲಿಗೆ ಕೆಂಪೇರುವ ಶಿಖರಗಳ ಫೋಟೊ ತೋರಿಸುತ್ತಾರೆ. ನಾನೂ ನನ್ನ ಹೆಂಡತಿಯೂ ಜುಲೈಯಲ್ಲಿ ಆ ಬೆಟ್ಟಗಳ ನಡುವಿನ ಊರಾದ ಕೊರ್ಟೀನಾಕ್ಕೆ ಹೋಗಿದ್ದು ಅದಕ್ಕಾಗಿಯೇ. ಆದರೆ ಅಲ್ಲಿನ ಲಗಜುವೊಯಿ ಬೆಟ್ಟದ ಹೊಟ್ಟೆಯೊಳಗೆ ಇಳಿದು ಬಂದ ಮೇಲೆ ಆ ಶಿಖರಗಳನ್ನು ಬರೀ ಚೆಂದ ಅಂತ ನೋಡಲು ಆಗಲಿಲ್ಲ.

ಊರಿನಿಂದ ಬಸ್ಸು 2,105 ಮೀಟರ್ ಎತ್ತರದ ಫಲ್ಜಾರೆಗೊ ಘಾಟಿಗೆ ತಂದು ಬಿಡುತ್ತದೆ. ಅಲ್ಲಿಂದ ಕೇಬಲ್ ಕಾರ್ ಹತ್ತಿದರೆ ಕೆಲವೇ ನಿಮಿಷಗಳಲ್ಲಿ 2,752 ಮೀಟರ್ ಎತ್ತರದಲ್ಲಿರುವ ಚಾರಣಿಗರ ತಂಗುಮನೆ. ಹೆಲ್ಮೆಟ್ಟು, ಟಾರ್ಚು ಕೆಳಗಿನ ನಿಲ್ದಾಣದಲ್ಲೇ ಬಾಡಿಗೆಗೆ ಸಿಗುತ್ತವೆ.

ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1915ರ ಮೇ ತಿಂಗಳಲ್ಲಿ, ಇಟಲಿ ಆಸ್ಟ್ರಿಯಾ-ಹಂಗೇರಿಯ ಮೇಲೆ ಯುದ್ಧ ಸಾರಿದಾಗ ಈ ಬೆಟ್ಟದ ನೆತ್ತಿ ಆಸ್ಟ್ರಿಯನ್ನರ ಕೈಯಲ್ಲಿತ್ತು. ಅದೇ ಅಕ್ಟೋಬರಿನಲ್ಲಿ ಇಟಲಿಯ ಬೆಟ್ಟಯುದ್ಧದ ಪಡೆಯಾದ ಆಲ್ಪಿನಿಯವರು ಕಡಿದಾದ ಬಂಡೆಯ ಮಧ್ಯದಲ್ಲಿದ್ದ ಒಂದು ಚಾಚನ್ನು ಹಿಡಿದು ಕೂತರು. ಅವರ ಮುಂದಾಳು ಮೇಜರ್ ಮಾರ್ಟಿನಿಯ ಹೆಸರೇ ಇವತ್ತಿಗೂ ಆ ಚಾಚಿಗಿದೆ. ಮೇಲಿದ್ದವರಿಗೆ ಕೆಳಗಿನವರನ್ನು ಕದಲಿಸಲು ಆಗಲಿಲ್ಲ, ಕೆಳಗಿನವರಿಗೆ ಮೇಲೇರಲು ಆಗಲಿಲ್ಲ. ಕೊನೆಗೆ ಎರಡೂ ಕಡೆಯವರು ಬೆಟ್ಟವನ್ನೇ ಕೊರೆಯತೊಡಗಿದರು. ಶತ್ರು ಕೂತ ಜಾಗದವರೆಗೆ ಸುರಂಗ ತೋಡುವುದು, ಕೊನೆಯಲ್ಲೊಂದು ಕೋಣೆ ಮಾಡಿ ಸ್ಫೋಟಕ ತುಂಬುವುದು, ಬಾಯಿ ಮುಚ್ಚಿ ಸಿಡಿಸುವುದು. 1917ರ ಜೂನ್ 20ರಂದು ಇಟಲಿಯವರು ಹೀಗೆ ಸಿಡಿಸಿದ್ದು ಸುಮಾರು 33,000 ಕಿಲೊ. ಬೆಟ್ಟದ ಮೈ ಕಳಚಿಬಿದ್ದ ಜಾಗ, ಕೆಳಗೆ ಹರಡಿದ ಕಲ್ಲಿನ ರಾಶಿ ಘಾಟಿಯಿಂದಲೇ ಕಾಣುತ್ತದೆ. ಅಷ್ಟೆಲ್ಲ ಮಾಡಿದ ಮೇಲೂ ಯುದ್ಧದ ಗತಿ ಬದಲಾಗಲಿಲ್ಲ. ಆ ವರ್ಷದ ಕೊನೆಗೆ ಕಪೊರೆಟ್ಟೊದಲ್ಲಿ ಇಟಲಿಯ ಸೇನೆ ಸೋತು ಹಿಮ್ಮೆಟ್ಟಿದಾಗ ಈ ಚಾಚನ್ನೂ ಬಿಟ್ಟು ಹೊರಟರು.

ಇಟಲಿ, ಆಸ್ಟ್ರಿಯಾ ಎರಡೂ ದೇಶದವರು ಕೈಜೋಡಿಸಿ ತೆರವು ಮಾಡಿದ ಆ ಸುರಂಗದಲ್ಲಿ ಈಗ ಮೇಲಿನಿಂದ ಕೆಳಗಿಳಿಯಬಹುದು. ಒಟ್ಟು 1,100 ಮೀಟರ್. ಒಳಗೆ ಕಾಲಿಟ್ಟ ಕೂಡಲೇ ಚಳಿ. ಮೆಟ್ಟಿಲು ಒಂದೊಂದೂ ಒಂದೊಂದು ಎತ್ತರ, ಮೇಲಿನಿಂದ ತೊಟ್ಟಿಕ್ಕುವ ನೀರಿಗೆ ನುಣುಪಾಗಿವೆ. ಪಕ್ಕದ ಉಕ್ಕಿನ ಹಗ್ಗ ಕೈಬಿಟ್ಟರೆ ಜಾರುವುದೇ. ಗೋಡೆಗೆ ಟಾರ್ಚ್ ಹಿಡಿದರೆ ಕೊರೆದ ಗುರುತುಗಳು ಉದ್ದುದ್ದ ಗೀರುಗಳಾಗಿ ಕಾಣುತ್ತವೆ. ನನ್ನ ಬೆರಳು ಸರಿಯಾಗಿ ಕೂರುವಷ್ಟು ಅಗಲದ ಗೀರುಗಳು. ಒಂದು ಕಡೆ ಬಂದೂಕಿಗೆಂದು ಬಿಟ್ಟ ಕಿಂಡಿಯಲ್ಲಿ ಬಗ್ಗಿ ನೋಡಿದೆ. ಘಾಟಿಯ ರಸ್ತೆ, ನಿಂತ ಕಾರುಗಳು, ಹಸಿರು ಎಲ್ಲ ಅಂಗೈಯಗಲದಲ್ಲಿ ಕಂಡವು. ಇಲ್ಲಿ ಎರಡು ಚಳಿಗಾಲ ಕಳೆದ ಹುಡುಗರಿಗೆ ಬಂಡೆ ಕೊರೆಯುವ ಸದ್ದು ಕೇಳುತ್ತಿದ್ದರೆ ಸಮಾಧಾನ, ನಿಂತರೆ ಎದೆಬಡಿತವಂತೆ. ಸದ್ದು ನಿಂತಿತೆಂದರೆ ಆಚೆಯವರು ಮದ್ದು ತುಂಬುತ್ತಿದ್ದಾರೆ ಎಂದೇ ಲೆಕ್ಕ. ಅದನ್ನು ಓದಿಕೊಂಡೇ ಹೋಗಿದ್ದೆ. ಆ ಕತ್ತಲಲ್ಲಿ ನಿಂತಾಗ ನನ್ನ ಉಸಿರನ್ನೂ ಹಿಡಿದು ಆಲಿಸುತ್ತಿದ್ದೆ.

ಹೊರಬಂದ ಮೇಲೆ ಘಾಟಿಗಿಳಿಯುವ ಕಾಲುದಾರಿ. ಇವತ್ತು ನಾವು ಖುಷಿಯಿಂದ ನಡೆಯುವ ಇಂಥ ದಾರಿಗಳಲ್ಲಿ ಎಷ್ಟೋ ಆ ಸೈನಿಕರು ಮದ್ದುಗುಂಡು, ಅನ್ನ ಹೊತ್ತು ಸಾಗಿಸಲು ಕಡಿದವು. ನನ್ನ ಮಟ್ಟಿಗೆ ಅಲ್ಲಿನ ದೊಡ್ಡ ಸ್ಮಾರಕ ಈ ದಾರಿಗಳೇ.

ರಾತ್ರಿ ಊಟಕ್ಕೆ ಬೀಟ್‌ರೂಟ್ ತುಂಬಿ, ಬೆಣ್ಣೆ ಗಸಗಸೆ ಹಾಕಿದ ಕಡುಬಿನಂಥ ಕಸುಂಝಿಯೆ. ಸಸ್ಯಾಹಾರಿಗಳಾದ ನಮಗೆ ಹಬ್ಬವೇ. ಬಡಿಸುತ್ತಿದ್ದ ವಸತಿಗೃಹದ ಯಜಮಾನಿ ಅಡುಗೆಮನೆಯಲ್ಲಿದ್ದ ತಾಯಿಯ ಜೊತೆ ಮಾತಾಡುತ್ತಿದ್ದುದು ಇಟಾಲಿಯನ್ ಅಲ್ಲ, ಲಡಿನ್, ಈ ಕಣಿವೆಗಳ ಸಣ್ಣ ಭಾಷೆ. ಬೆಳಿಗ್ಗೆ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರು, ಹೇಳಿದೆವು. "ನಮ್ಮ ಮುತ್ತಜ್ಜ ಈ ಬೆಟ್ಟದಲ್ಲಿ ಸಾಯಲಿಲ್ಲ," ಎಂದರು. "ರಷ್ಯಾದವರ ಮೇಲೆ ಯುದ್ಧಕ್ಕೆಂದು ಗಲೀಶಿಯಾಕ್ಕೆ ಕಳಿಸಿದರು. ತಿರುಗಿ ಬರಲಿಲ್ಲ."

1511ರಿಂದ ಈ ಕಣಿವೆ ಆಸ್ಟ್ರಿಯಾದ ದೊರೆಗಳದು. 1914ರಲ್ಲೇ ಗಟ್ಟಿಮುಟ್ಟಾದ ಗಂಡಸರನ್ನೆಲ್ಲ ಈಗಿನ ಪೋಲಂಡ್, ಉಕ್ರೇನ್ ಕಡೆಯ ಆ ಗಲೀಶಿಯಾದ ರಣರಂಗಕ್ಕೆ ಕರೆದೊಯ್ದಿದ್ದರು. ಮರುವರ್ಷ ಯುದ್ಧ ಮನೆ ಬಾಗಿಲಿಗೇ ಬಂದಾಗ ಮೊದಮೊದಲು ಕಾವಲಿಗೆ ನಿಂತವರಲ್ಲಿ ಊರೂರಿನ ಗುರಿಕಾರರ ಸಂಘಗಳ ಮುದುಕರು, ಮೀಸೆ ಮೂಡದ ಹುಡುಗರು ಇದ್ದರು. ಯುದ್ಧ ಮುಗಿದ ಮೇಲೆ ಊರು ಇಟಲಿಗೆ ಸೇರಿತು. ಸತ್ತವರು ಒಂದು ರಾಜ್ಯಕ್ಕಾಗಿ ಸತ್ತಿದ್ದರು, ಅವರ ಮಕ್ಕಳು ಇನ್ನೊಂದರ ಶಾಲೆಗೆ ಹೋದರು.

ಮರುದಿನ ಪೊಕೋಲ್‌ನ ಅಸ್ಥಿಸ್ಮಾರಕಕ್ಕೆ ಹೋದೆವು. ಒಂಬತ್ತು ಸಾವಿರಕ್ಕೂ ಹೆಚ್ಚು ಸೈನಿಕರ ಅಸ್ಥಿಗಳು ಅಲ್ಲಿವೆ, ಬಹುತೇಕ ಇಟಲಿಯವರವು. ಅವರಲ್ಲಿ ಸಾವಿರಾರು ಮಂದಿಯ ಹೆಸರೂ ಗೊತ್ತಿಲ್ಲ. ಯಜಮಾನಿಯ ಮುತ್ತಜ್ಜನಿಗೆ ಅಲ್ಲೂ ಜಾಗವಿಲ್ಲ.

ಕೊರ್ಟೀನಾಕ್ಕೆ ಹೋಗುವ ಕನ್ನಡಿಗರು ಈಗ ಕಡಿಮೆಯೇನಲ್ಲ. ಹಿಮ ಕರಗಿದ ತಿಂಗಳುಗಳಲ್ಲಿ ಹೋಗಿ. ಕೇಬಲ್ ಕಾರಿನಲ್ಲಿ ಹತ್ತಿ, ಅದರಲ್ಲೇ ಇಳಿಯದೆ ಸುರಂಗದಲ್ಲಿ ಇಳಿಯಿರಿ. ಪಕ್ಕದ ವಲ್ಪರೋಲಾ ಘಾಟಿಯಲ್ಲಿ 1915ರ ಜುಲೈಯಲ್ಲೇ ಶೆಲ್ಲಿಗೆ ಮುರಿದ ಆಸ್ಟ್ರಿಯನ್ನರ ಕೋಟೆ ಈಗ ವಸ್ತುಸಂಗ್ರಹಾಲಯವಾಗಿದೆ, ಅದಕ್ಕೂ ಹೊತ್ತು ಇಟ್ಟುಕೊಳ್ಳಿ. ತಂಗಿದ ಮನೆಯವರನ್ನು ಅವರ ಹಿರಿಯರ ಬಗ್ಗೆ ಒಂದು ಮಾತು ಕೇಳಿ.